ಸಹಸ್ರಪದಿಯ ಕುಳಿ, ಓಲೆಗರಿಯ ಗೀರು

ತಾಡವೋಲೆಯ ಮೇಲೆ ಕಬ್ಬಿಣದ ಕಂಟದಿಂದ ಬರೆಯುತ್ತಿದ್ದ ಲಿಪಿಕಾರನಿಗೆ ಬರೆಯುವ ಹೊತ್ತಿನಲ್ಲಿ ಶಾಯಿಯ ಅಗತ್ಯವಿರಲಿಲ್ಲ. ಆತ ಗರಿಯ ಮೈಯನ್ನು ಕೊರೆಯುತ್ತಿದ್ದ. ಅನಂತರ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಒರೆಸಿದಾಗ ಗೀರುಗಳಲ್ಲಿ ಕಪ್ಪು ನಿಂತು ಅಕ್ಷರ ಕಣ್ಣಿಗೆ ಕಾಣುತ್ತಿತ್ತು. ಕಾಗದದ ಬರಹ ಮೇಲ್ಮೈಗೆ ಏನನ್ನೋ ಸೇರಿಸುತ್ತದೆ. ಕಂಟದ ಬರಹ ಮೇಲ್ಮೈಯ ಆಕಾರವನ್ನೇ ಬದಲಿಸುತ್ತದೆ. ಹಸ್ತಪ್ರತಿಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಮೊದಲ ಪಾಠವಾದ್ದರಿಂದ, ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸಮೀಪದ ರುಶ್ಲಿಕಾನ್ ಎಂಬಲ್ಲಿ ನಡೆದ ಒಂದು ಪ್ರಯೋಗ ಅವರಿಗೆ ಅಷ್ಟೇನೂ ಅಪರಿಚಿತವೆನಿಸಲಾರದು. ಅಲ್ಲಿಯೂ ಮೊನಚಾದ ಮೊನೆಯೊಂದು ಮೆದುವಾದ ಪದಾರ್ಥವನ್ನು ಒತ್ತಿ ತಗ್ಗು ಮಾಡುತ್ತಿತ್ತು. ಅಲ್ಲಿಯೂ ಶಾಯಿ ಇರಲಿಲ್ಲ. ವ್ಯತ್ಯಾಸವಿದ್ದುದು ಗಾತ್ರದಲ್ಲಿ ಮತ್ತು, ಇದು ಹೆಚ್ಚು ಮುಖ್ಯವಾದುದು, ಓದುವ ಬಗೆಯಲ್ಲಿ.

ರುಶ್ಲಿಕಾನ್‌ನಲ್ಲಿರುವುದು ಐಬಿಎಂ ಸಂಸ್ಥೆಯ ಸಂಶೋಧನಾಲಯ. ಪರಮಾಣುಗಳ ಮಟ್ಟದಲ್ಲಿ ಮೇಲ್ಮೈಯನ್ನು ತಡವಿ ನೋಡುವ ಸೂಕ್ಷ್ಮದರ್ಶಕವನ್ನು ರೂಪಿಸಿದ್ದಕ್ಕಾಗಿ ಅಲ್ಲಿನ ಗರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ ಅವರು 1986ರ ಭೌತವಿಜ್ಞಾನದ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಅದೇ ವರ್ಷ ಬಿನ್ನಿಗ್ ಅವರು ಕ್ಯಾಲ್ವಿನ್ ಕ್ವೇಟ್ ಮತ್ತು ಕ್ರಿಸ್ಟೋಫ್ ಗರ್ಬರ್ ಅವರೊಡನೆ ಮತ್ತೊಂದು ಉಪಕರಣವನ್ನು ಲೋಕದ ಮುಂದಿಟ್ಟರು. ಕೂದಲೆಳೆಗಿಂತ ತೆಳುವಾದ ಸಣ್ಣದೊಂದು ಸನ್ನೆ, ಅದರ ತುದಿಗೆ ಸೂಜಿಮೊನೆ. ಕುರುಡನ ಬೆರಳು ಉಬ್ಬುಲಿಪಿಯ ಮೇಲೆ ಸರಿಯುವಂತೆ ಅದು ಮೇಲ್ಮೈಯ ಉಬ್ಬುತಗ್ಗುಗಳನ್ನು ಅರಿಯುತ್ತದೆ. ತಡವಬಲ್ಲ ಮೊನೆ ಒತ್ತಲೂ ಬಲ್ಲದು. 1992ರಲ್ಲಿ ಅದೇ ಸಂಸ್ಥೆಯ ಕ್ಯಾಲಿಫೋರ್ನಿಯಾ ಪ್ರಯೋಗಾಲಯದ ಜಾನ್ ಮಾಮಿನ್ ಮತ್ತು ಡೇನಿಯಲ್ ರೂಗರ್ ಅವರು ಇಂಥ ಮೊನೆಯನ್ನು ಲೇಸರ್ ಕಿರಣದಿಂದ ಕಾಯಿಸಿ ಪಾಲಿಮರ್ ಹಾಳೆಯ ಮೇಲೆ ಸೂಕ್ಷ್ಮವಾದ ಕುಳಿಗಳನ್ನು ಮೂಡಿಸಿ ತೋರಿಸಿದರು. ಕುಳಿ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಗಣಕಕ್ಕೆ ಬೇಕಾದ ವರ್ಣಮಾಲೆ ಇಷ್ಟೇ.

ಒಂದು ಮೊನೆಯ ಕೆಲಸ ನಿಧಾನ. ಆದ್ದರಿಂದ ಪೀಟರ್ ವೆಟ್ಟಿಗರ್, ಬಿನ್ನಿಗ್ ಮತ್ತು ಅವರ ಸಂಗಡಿಗರು ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ಅಡ್ಡಕ್ಕೆ 32, ಉದ್ದಕ್ಕೆ 32, ಒಟ್ಟು 1024 ಮೊನೆಗಳನ್ನು ಸಾಲಾಗಿ ನಿಲ್ಲಿಸಿದರು. ಇಡೀ ವ್ಯೂಹದ ವಿಸ್ತಾರ ಮೂರು ಮಿಲಿಮೀಟರ್ ಚೌಕ. ಯೋಜನೆಗೆ ಮಿಲಿಪೀಡ್, ಅಂದರೆ ಸಹಸ್ರಪದಿ ಎಂಬ ಹೆಸರು ಬಿದ್ದುದು ಸಹಜವೇ. ಪ್ರತಿಯೊಂದು ಕಾಲಿಗೂ ತನ್ನದೇ ಆದ ಪುಟ್ಟ ಹೊಲ. ಕಾಲುಗಳು ನಿಂತಲ್ಲೇ ಇರುತ್ತವೆ, ಕೆಳಗಿನ ಪಾಲಿಮರ್ ಹಾಸು ಅತ್ತಿತ್ತ ಸರಿಯುತ್ತದೆ. ಓಲೆಯ ಲಿಪಿಕಾರನೂ ಹೀಗೆಯೇ ಕಂಟ ಹಿಡಿದ ಬಲಗೈಯನ್ನು ಹೆಚ್ಚು ಅಲುಗಿಸದೆ ಎಡಗೈಯಿಂದ ಗರಿಯನ್ನೇ ಸರಿಸುತ್ತ ಬರೆಯುತ್ತಿದ್ದನೆಂಬುದನ್ನು ಬಲ್ಲವರಿಗೆ ಈ ಹೋಲಿಕೆ ಮುದ ನೀಡೀತು. ಸಂಸ್ಥೆ ಮಾತ್ರ ತನ್ನ ಪೂರ್ವಿಕರನ್ನು ಬೇರೆಡೆ ಗುರುತಿಸಿಕೊಂಡಿತು: ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೆಕ್ಕದ ಯಂತ್ರಗಳಿಗೆ ಉಣಿಸುತ್ತಿದ್ದ ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ.

ಬರೆಯುವಾಗ ಮೊನೆಯೊಳಗೆ ವಿದ್ಯುತ್ತು ಹಾಯಿಸಿ ಅದನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಮೊದಮೊದಲು ಬಳಸಿದ ಪದಾರ್ಥ ಪಾಲಿಮೀಥೈಲ್ ಮೆಥಾಕ್ರಿಲೇಟ್; ಅಂಗಡಿಗಳ ನಾಮಫಲಕಗಳಿಗೆ ಬಳಸುವ ಅಕ್ರಿಲಿಕ್ ಇದೇ. ಕೆಲವೇ ಹತ್ತು ನ್ಯಾನೋಮೀಟರ್ ದಪ್ಪದ ಅದರ ಪದರ ಬಿಸಿ ಮೊನೆಯಡಿ ಮೆತ್ತಗಾಗಿ ಕುಸಿಯುತ್ತದೆ, ತಣಿದೊಡನೆ ಕುಸಿದ ಆಕಾರದಲ್ಲೇ ಹೆಪ್ಪುಗಟ್ಟುತ್ತದೆ. ಓದುವ ಉಪಾಯ ಇನ್ನೂ ಸೊಗಸಾದುದು. ಪದರ ಕರಗದಷ್ಟು ಹದವಾಗಿ ಮೊನೆಯನ್ನು ಕಾಯಿಸಿ ಮೇಲೆ ಆಡಿಸುತ್ತಾರೆ. ಮೊನೆ ಕುಳಿಗೆ ಇಳಿದಾಗ ಸನ್ನೆಯು ತಣ್ಣನೆಯ ತಳಕ್ಕೆ ಒಂದಿಷ್ಟು ಸಮೀಪವಾಗಿ ಹೆಚ್ಚು ಶಾಖವನ್ನು ಬಿಟ್ಟುಕೊಡುತ್ತದೆ, ಅದರ ವಿದ್ಯುತ್ ರೋಧ ಕಿಂಚಿತ್ತು ಬದಲಾಗುತ್ತದೆ. ಆ ಕಿಂಚಿತ್ತೇ ಓದು. ಅಳಿಸಬೇಕಾದರೆ ಕುಳಿಯ ಮಗ್ಗುಲನ್ನು ಮತ್ತೆ ಕಾಯಿಸಿದರಾಯಿತು. ಬಲವಂತವಾಗಿ ತಗ್ಗಿಸಲ್ಪಟ್ಟಿದ್ದ ಪಾಲಿಮರ್ ಸರಪಳಿಗಳು ಪುಟಿದೆದ್ದು ನೆಲ ಸಮವಾಗುತ್ತದೆ. ಪಾಲಿಮರಿನ ಕುಳಿ ಎಂದರೆ ತಡೆಹಿಡಿದ ಒಂದು ಒತ್ತಡವೇ ಹೊರತು ಶಿಲೆಯಲ್ಲಿ ಕೊರೆದ ರೇಖೆಯಲ್ಲ.

2002ರ ಜೂನ್‌ನಲ್ಲಿ ಬಂದ ಪ್ರಕಟಣೆ ಲೋಕದ ಗಮನ ಸೆಳೆಯಿತು. ಹತ್ತು ನ್ಯಾನೋಮೀಟರಿನ ಕುಳಿಗಳಿಂದ ಚದರ ಅಂಗುಲಕ್ಕೆ ಒಂದು ಲಕ್ಷ ಕೋಟಿ ಬಿಟ್‌ಗಳ ಸಾಂದ್ರತೆಯನ್ನು ಸಾಧಿಸಲಾಗಿದೆ, ಅಂಚೆಚೀಟಿಯಷ್ಟು ಜಾಗದಲ್ಲಿ ಎರಡೂವರೆ ಕೋಟಿ ಪಠ್ಯಪುಸ್ತಕದ ಪುಟಗಳನ್ನು ಇಡಬಹುದು ಎಂಬುದು ಅದರ ಸಾರ. ಈ ಸಾಂದ್ರತೆಯನ್ನು ಒಂದೇ ಮೊನೆಯಿಂದ ಸಾಧಿಸಲಾಗಿತ್ತು, ಸಾವಿರ ಮೊನೆಗಳಿಂದಲ್ಲ ಎಂಬ ವಿವರ ಶೀರ್ಷಿಕೆಗಳಲ್ಲಿ ಕಾಣಿಸಲಿಲ್ಲ. ಅದೇನೇ ಇರಲಿ, ಅಂಕಿ ಬೆರಗು ಹುಟ್ಟಿಸುವಂಥದ್ದೇ. ಕನ್ನಡದ ಲೆಕ್ಕದಲ್ಲಿ ಅದನ್ನು ಹೀಗೆ ನೋಡಬಹುದು. ಈಗ ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ 'ಸ್ತ್ರೀ' ಎಂಬ ಒಂದು ಅಕ್ಷರ ಆರು ಸಂಕೇತಗಳ ಸರಣಿ; ಸಾಮಾನ್ಯ ಕಡತದಲ್ಲಿ ಅದು 18 ಬೈಟ್, ಅಂದರೆ 144 ಬಿಟ್. ಮೇಲಿನ ಸಾಂದ್ರತೆಯಲ್ಲಿ ಒಂದು ಬಿಟ್ಟಿಗೆ ಸಿಗುವ ನೆಲ ಸುಮಾರು 25 ನ್ಯಾನೋಮೀಟರ್ ಚೌಕ. ಹನ್ನೆರಡು ಸಾಲಿಗೆ ಹನ್ನೆರಡರಂತೆ ಜೋಡಿಸಿದರೆ ಇಡೀ ಅಕ್ಷರ 300 ನ್ಯಾನೋಮೀಟರ್ ಚೌಕದಲ್ಲಿ ಮುಗಿಯುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಅತಿ ಕಿರಿಯ ಅಲೆಯೇ ಸುಮಾರು 400 ನ್ಯಾನೋಮೀಟರ್. ಹೀಗೆ ಆ ಅಕ್ಷರ ಬೆಳಕಿನ ಅಲೆಗಿಂತ ಚಿಕ್ಕದು. ಮಾಮೂಲಿ ಮಸೂರದ ಸೂಕ್ಷ್ಮದರ್ಶಕದಲ್ಲಿ ಅದರ ಕುಳಿಗಳನ್ನು ಬಿಡಿಬಿಡಿಯಾಗಿ ಕಾಣುವುದು ಅಸಾಧ್ಯ. ಉಪಲಬ್ಧವಿರುವ ಹಳಗನ್ನಡ, ನಡುಗನ್ನಡ ಕಾವ್ಯಗಳ ಪಠ್ಯವೆಲ್ಲ ಆ ಅಂಚೆಚೀಟಿಯ ಒಂದು ಮೂಲೆಯನ್ನೂ ತುಂಬಲಾರದು.

ಸಾಹಿತ್ಯ ಸಂಶೋಧನೆಯ ವಲಯ ಇಲ್ಲಿ ಎಚ್ಚರ ತಪ್ಪುತ್ತದೆ. 'ಇಷ್ಟು ಜಾಗದಲ್ಲಿ ಇಷ್ಟು ಗ್ರಂಥ' ಎಂಬ ವಾಕ್ಯ ಕೇಳಿದೊಡನೆ ಗ್ರಂಥಗಳು ಉಳಿದವೆಂಬ ಭಾವನೆ ತಾನಾಗಿ ಹುಟ್ಟಿಕೊಳ್ಳುತ್ತದೆ. ಹಿಡಿಸುವುದು ಬೇರೆ, ಉಳಿಸುವುದು ಬೇರೆ. ಸಹಸ್ರಪದಿಯ ಚರಿತ್ರೆಯೇ ಇದಕ್ಕೆ ಒಳ್ಳೆಯ ನಿದರ್ಶನ. 2005ರಲ್ಲಿ ಜರ್ಮನಿಯ ಹ್ಯಾನೋವರ್ ನಗರದ ಸೆಬಿಟ್ ಮೇಳದಲ್ಲಿ ಅದರ ಮಾದರಿಯನ್ನು ಪ್ರದರ್ಶಿಸಲಾಯಿತು. ಮಾರುಕಟ್ಟೆಗೆ ಅದು ಬರಲೇ ಇಲ್ಲ. ಮೊನೆಗಳು ಸವೆಯುವ ತೊಡಕು ಒಂದೆಡೆ. ಅಷ್ಟರಲ್ಲಿ ಚಲಿಸುವ ಭಾಗಗಳೇ ಇಲ್ಲದ ಫ್ಲ್ಯಾಷ್ ಸ್ಮೃತಿಕೋಶಗಳು ಅಗ್ಗವಾಗುತ್ತ ಹೋದುದು ಇನ್ನೊಂದೆಡೆ. ಹಳೆಯ ಅಯಸ್ಕಾಂತದ ತಟ್ಟೆಯೂ ಸುಮ್ಮನಿರಲಿಲ್ಲ. 2012ರ ಹೊತ್ತಿಗೆ ಪ್ರಯೋಗಾಲಯದಲ್ಲಿ ಅದೂ ಚದರ ಅಂಗುಲಕ್ಕೆ ಒಂದು ಲಕ್ಷ ಕೋಟಿ ಬಿಟ್‌ಗಳನ್ನು ಮುಟ್ಟಿತು. ಭೌತವಿಜ್ಞಾನ ಸೋಲಲಿಲ್ಲ. ಕುಳಿಗಳು ಸರಿಯಾಗಿಯೇ ಮೂಡುತ್ತಿದ್ದವು. ಆದರೆ ಆ ಕುಳಿಗಳನ್ನು ಓದುವ ಯಂತ್ರವನ್ನು ಯಾರೂ ಮಾರಲಿಲ್ಲವಾದ್ದರಿಂದ, ಅಂದು ಯಾರಾದರೂ ಒಂದು ಕಾವ್ಯವನ್ನು ಅದರಲ್ಲಿ ಬರೆದಿಟ್ಟಿದ್ದರೆ ಇಂದು ಅದು ಸುಸ್ಥಿತಿಯಲ್ಲಿದ್ದೂ ಓದಲಾಗದ ವಸ್ತುವಾಗಿರುತ್ತಿತ್ತು. ಕೀಟ ತಿಂದ ಓಲೆಯ ಪಾಡು ಇದಕ್ಕಿಂತ ವಾಸಿ.

ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯ ಕಥೆಯನ್ನು ಇಲ್ಲಿ ನೆನೆಯುವುದು ಉಚಿತ. ಆರ್. ಶಾಮಶಾಸ್ತ್ರಿಗಳು ಆ ಕಟ್ಟನ್ನು ಬಿಚ್ಚಿದಾಗ ಅವರಿಗೆ ಬೇಕಾದುದು ಎರಡೇ: ಗ್ರಂಥಲಿಪಿಯ ಪರಿಚಯ ಮತ್ತು ಸಂಸ್ಕೃತದ ಜ್ಞಾನ. 1909ರಲ್ಲಿ ಕೃತಿ ಅಚ್ಚಾಯಿತು. ಓಲೆಗೂ ಓದುಗನಿಗೂ ನಡುವೆ ಹಗಲಿನ ಬೆಳಕಿನ ಹೊರತು ಮತ್ತೇನೂ ಇರಲಿಲ್ಲ. ಓಲೆಯ ಗೀರು ಅಕ್ಷರವೇ. ಪಾಲಿಮರಿನ ಕುಳಿ ಅಕ್ಷರವಲ್ಲ. ಕುಳಿಯಿಂದ ಅಕ್ಷರಕ್ಕೆ ಬರಬೇಕಾದರೆ ಮೊದಲು ಯಂತ್ರ, ಅದರ ಬೆನ್ನಿಗೆ ದೋಷ ತಿದ್ದುವ ಗಣಿತ, ಆಮೇಲೆ ಕಡತದ ವಿನ್ಯಾಸ, ಕೊನೆಗೆ ಯಾವ ಸಂಖ್ಯೆ ಯಾವ ಅಕ್ಷರವೆಂದು ಹೇಳುವ ಕೋಷ್ಟಕ. ಈ ಮೆಟ್ಟಿಲುಗಳಲ್ಲಿ ಒಂದು ಕುಸಿದರೂ ಉಳಿದವು ವ್ಯರ್ಥ.

ಕೊನೆಯ ಮೆಟ್ಟಿಲು ಕುಸಿಯುವುದೆಂದರೇನು ಎಂಬುದು ಕನ್ನಡದ ಸಂಶೋಧನ ವಿದ್ಯಾರ್ಥಿಗಳಿಗೆ ಅನುಭವವೇದ್ಯ. ಯೂನಿಕೋಡ್ ರೂಢಿಗೆ ಬರುವ ಮುನ್ನ ಬರಹ, ನುಡಿ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಅಂದಿನ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಪ್ರಬಂಧಗಳನ್ನು ಆಯಾ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಒಂದು ಬಿಟ್ಟೂ ನಷ್ಟವಾಗಿಲ್ಲ, ಆದರೂ ಪಠ್ಯವಿಲ್ಲ. ಪರಿವರ್ತಕಗಳಿವೆ, ನಿಜ, ಹಳಗನ್ನಡದ ಅಕ್ಷರಗಳಿರುವ ಪುಟದಲ್ಲಿ ಅವುಗಳ ಫಲಿತಾಂಶವನ್ನು ಮತ್ತೆ ಕೂತು ತಿದ್ದದೆ ಗತ್ಯಂತರವಿಲ್ಲ. ಇನ್ನು ಯೂನಿಕೋಡ್ ಕೋಷ್ಟಕದಲ್ಲೇ ಲಿಪಿಕಾರನ ಸ್ಖಲಿತವೊಂದು ಶಾಶ್ವತವಾಗಿ ನೆಲೆಸಿರುವುದು ಕುತೂಹಲಕರ. ಹಳಗನ್ನಡದ 'ೞ' ಕಾರಕ್ಕೆ ಅಲ್ಲಿ ದಾಖಲಾದ ಅಧಿಕೃತ ಹೆಸರು 'ಫ'! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿರುವುದರಿಂದ, ತಪ್ಪು ಗೊತ್ತಾದ ಮೇಲೂ ಪಕ್ಕದಲ್ಲಿ ತಿದ್ದುಪಡಿಯ ಉಪನಾಮ ಸೇರಿಸಿ ಸುಮ್ಮನಾಗಬೇಕಾಯಿತು. ಕೇಶಿರಾಜ ಇದನ್ನು ಕಂಡಿದ್ದರೆ ಒಂದು ಸೂತ್ರವನ್ನು ಹೆಚ್ಚಾಗಿ ಬರೆಯುತ್ತಿದ್ದನೇನೋ.

ಸಾಂದ್ರತೆ ಇನ್ನೊಂದನ್ನೂ ಕಸಿದುಕೊಳ್ಳುತ್ತದೆ. ಅದರ ಚರ್ಚೆ ನಡೆಯುವುದು ತೀರ ವಿರಳ. ಹೆಚ್ಚು ತುರುಕಬೇಕಾದರೆ ಪುನರುಕ್ತಿಯನ್ನು ಕಳೆಯಬೇಕು. ಹಳೆಯ ಪಠ್ಯಗಳು ಉಳಿದು ಬಂದುದು ಬಹುಮಟ್ಟಿಗೆ ಅವುಗಳೊಳಗಿನ ಪುನರುಕ್ತಿಯ ಬಲದಿಂದ. ಒಂದು ಕಂದಪದ್ಯದ ಮೂರನೆಯ ಪಾದದಲ್ಲಿ ಹುಳು ತೂತು ಮಾಡಿ ಎರಡಕ್ಷರ ಹೋಗಿವೆ ಎಂದಿಟ್ಟುಕೊಳ್ಳೋಣ. ಆ ಪಾದಕ್ಕೆ ಹನ್ನೆರಡು ಮಾತ್ರೆ ಬೇಕು. ಹೋದುದು ಎಷ್ಟು ಮಾತ್ರೆಯೆಂಬುದು ಎಣಿಕೆಯಿಂದಲೇ ತಿಳಿಯುತ್ತದೆ. ವಿಷಮಸ್ಥಾನದಲ್ಲಿ ಜಗಣ ಬಾರದೆಂಬ ನಿಯಮ ಕೆಲವು ಸಾಧ್ಯತೆಗಳನ್ನು ತಳ್ಳಿಹಾಕುತ್ತದೆ. ನಷ್ಟವಾದುದು ಎರಡನೆಯ ಅಕ್ಷರವಾದರೆ ಆದಿಪ್ರಾಸ ಅದರ ವ್ಯಂಜನವನ್ನೇ ಹೇಳಿಬಿಡುತ್ತದೆ. ಉಳಿದುದನ್ನು ಅನ್ವಯ, ಅಲಂಕಾರ, ಪಕ್ಕದ ಪದ್ಯ, ಇನ್ನೊಂದು ಪ್ರತಿಯ ಪಾಠಾಂತರ ತುಂಬಿಕೊಡುತ್ತವೆ. ಗಣಕವಿಜ್ಞಾನಿಗಳು ದೋಷಪರಿಹಾರ ಸಂಕೇತವೆಂದು ಕರೆಯುವುದು ಇದನ್ನೇ. ಕನ್ನಡದ ಕವಿಗಳು ಅದನ್ನು ಪ್ರಾಸವೆಂದೂ ಯತಿಯೆಂದೂ ಗಣವೆಂದೂ ಕರೆದರು, ಮತ್ತು ಅದಕ್ಕೆ ಕಿವಿಗೆ ಇಂಪಾಗುವ ಹೆಚ್ಚಿನ ಗುಣವನ್ನೂ ಕೊಟ್ಟರು. ಯಂತ್ರದ ಸಂಕೇತಕ್ಕೆ ಒಂದು ಮಿತಿಯಿದೆ. ಮಿತಿಯೊಳಗಿನ ತಪ್ಪನ್ನು ಅದು ನಿರ್ದೋಷವಾಗಿ ತಿದ್ದುತ್ತದೆ, ಮಿತಿ ಮೀರಿದೊಡನೆ ಇಡೀ ಖಂಡವನ್ನು ಕೈಬಿಡುತ್ತದೆ. ಓಲೆ ಮೆಲ್ಲಮೆಲ್ಲನೆ, ಅಂಚಿನಿಂದ ಒಳಕ್ಕೆ ಸಾಯುತ್ತದೆ. ಸಾಯುವಾಗಲೂ ಅರ್ಧ ಪದ್ಯವನ್ನಾದರೂ ಕೊಟ್ಟು ಹೋಗುತ್ತದೆ.

ಹಾಗೆಂದು ಓಲೆಯನ್ನು ಅಜರಾಮರವೆಂದು ಹಾಡಿ ಹೊಗಳುವುದೂ ತಪ್ಪೇ. ಪದಾರ್ಥವಾಗಿ ನೋಡಿದರೆ ಅದೂ ಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ನೈಸರ್ಗಿಕ ಪಾಲಿಮರುಗಳ ಹಾಳೆ. ಕರಾವಳಿಯ ತೇವ, ಗೆದ್ದಲು, ಬೆಂಕಿ ಯಾವುದಕ್ಕೂ ಅದು ನಿಲ್ಲದು. ಅದನ್ನು ಉಳಿಸಿದುದು ಪ್ರತಿ ಮಾಡುವ ಪದ್ಧತಿ. ಪೊನ್ನನ ಶಾಂತಿಪುರಾಣಕ್ಕೆ ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದಿದವರಿಗೆಲ್ಲ ಗೊತ್ತು. ಅದೇ ಪೊನ್ನನ ಭುವನೈಕರಾಮಾಭ್ಯುದಯ ಇಂದು ಉಪಲಬ್ಧವಿಲ್ಲ. ಒಬ್ಬನೇ ಕವಿ, ಒಂದೇ ಕಾಲ, ಒಂದೇ ಬಗೆಯ ಓಲೆ. ಸಾವಿರ ಪ್ರತಿಗಳೇ ಶಾಂತಿಪುರಾಣವನ್ನು ಉಳಿಸಿದವೆಂದು ತರ್ಕದ ಬಿಗಿಯಲ್ಲಿ ಸಾಧಿಸಲಾಗದು, ಮತಶ್ರದ್ಧೆಯೂ ಅಲ್ಲಿ ಕೆಲಸ ಮಾಡಿರಬೇಕು. ಆದರೂ ಎರಡು ಕೃತಿಗಳ ಗತಿಯನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಒಂದು ಗರಿಯಲ್ಲಿ ಎಷ್ಟು ಸಾಲು ಹಿಡಿಸಿದರೆಂಬ ಪ್ರಶ್ನೆ ಎಷ್ಟು ಅಪ್ರಸ್ತುತವೆಂಬುದಂತೂ ಸ್ಪಷ್ಟವಾಗುತ್ತದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಲಾ ಪ್ರತಿಗಳು ಇನ್ನೊಂದು ತುದಿಯ ಉದಾಹರಣೆ. ಅಲ್ಲಿ ಗ್ರಂಥ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಲಭ್ಯವಿತ್ತು. ಪೂಜೆ ಇತ್ತು, ಓದು ಇರಲಿಲ್ಲ. ಕನ್ನಡ ಲಿಪಿಯಲ್ಲಿದ್ದ ಆ ಪ್ರಾಕೃತ ಪಠ್ಯದ ನಕಲುಗಳು ಹೊರಬಂದು, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಮೊದಲ್ಗೊಂಡು ಸುಮಾರು ಎರಡು ದಶಕಗಳಲ್ಲಿ 16 ಸಂಪುಟಗಳಾಗಿ ಅಚ್ಚಾದ ಮೇಲೆಯೇ ಅದು ವಿದ್ವತ್ಪ್ರಪಂಚದ ಸೊತ್ತಾಯಿತು. ಬೀಗದೊಳಗಿನ ಏಕೈಕ ಪ್ರತಿಯ ಭಯ ಎಂಥದೆಂಬುದನ್ನು ಆ ಚರಿತ್ರೆ ಓದಿದವರು ಬಲ್ಲರು. ಅಂಚೆಚೀಟಿಯಷ್ಟರಲ್ಲಿ ಎಲ್ಲವನ್ನೂ ತುಂಬಿ ಒಂದು ಕಡೆ ಇಡುವ ಕನಸು ಆ ಬೀಗಕ್ಕೆ ಹೊಸ ಹೆಸರಷ್ಟೆ.

ಯಂತ್ರದ ಪರವಾಗಿ ಹೇಳಬೇಕಾದ ಒಂದು ದೊಡ್ಡ ಮಾತಿದೆ. ಲಿಪಿಕಾರ ಪ್ರತಿ ಮಾಡಿದಾಗಲೆಲ್ಲ ಹೊಸ ತಪ್ಪುಗಳು ನುಸುಳುತ್ತಿದ್ದವು. ಡಿಜಿಟಲ್ ಪ್ರತಿ ಸಾವಿರದೊಂದನೆಯದಾದರೂ ಮೊದಲನೆಯದರಂತೆಯೇ ಇರುತ್ತದೆ. ಅತ್ತಿಮಬ್ಬೆಯ ಸಾವಿರ ಪ್ರತಿಗಳಿಗೆ ಬೇಕಾದ ಓಲೆ, ಲಿಪಿಕಾರರು, ಊಟವಸತಿ, ಹೊನ್ನು ಇವೆಲ್ಲದರ ಬದಲು ಇಂದು ಕೆಲವು ನಿಮಿಷ ಸಾಕು. ಈ ವರವನ್ನು ಕೈಯಲ್ಲಿಟ್ಟುಕೊಂಡು ಮಾಡಿರುವುದೇನು ಎಂಬುದೇ ಪ್ರಶ್ನೆ.

ಸಹಸ್ರಪದಿ ಮನೆಮನೆಗೆ ಬರಲಿಲ್ಲವಾದರೂ ಪಾಲಿಮರಿನ ಕುಳಿ ಅದಕ್ಕಿಂತ ಮೊದಲೇ ಬಂದಿತ್ತು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಎಂದರೆ ಪಾಲಿಕಾರ್ಬೊನೇಟ್ ಬಿಲ್ಲೆಯ ಮೇಲೆ ಅಚ್ಚೊತ್ತಿದ ಕುಳಿಗಳ ಸುರುಳಿ; ಅರ್ಧ ಮೈಕ್ರೋಮೀಟರ್ ಅಗಲ, ಅದರ ಐದನೆಯ ಒಂದು ಭಾಗದಷ್ಟು ಆಳ. ಮನೆಯಲ್ಲಿ ಬರೆದುಕೊಳ್ಳುವ ಬಿಲ್ಲೆಗಳಲ್ಲಿ ಕುಳಿಯ ಬದಲು ಸಾವಯವ ಬಣ್ಣದ ಪದರವಿರುತ್ತದೆ. ಬೆಳಕು, ಶಾಖ, ತೇವಗಳಿಂದ ಅದು ಮಾಸುತ್ತದೆ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾದ ಆಸುಪಾಸಿನ ವರ್ಷಗಳಲ್ಲಿ ಓಲೆಗರಿಗಳ ಛಾಯಾಚಿತ್ರ ತೆಗೆಸಿ ಇಂಥ ಬಿಲ್ಲೆಗಳಲ್ಲಿ ತುಂಬಿಡುವುದೇ ಸಂರಕ್ಷಣೆಯ ಪರಮಾವಧಿ ಎಂಬಂತೆ ದೇಶದ ಹಲವೆಡೆ ಕೆಲಸ ನಡೆಯಿತು. ಇಂದಿನ ಮಡಿಲಗಣಕಗಳಲ್ಲಿ ಆ ಬಿಲ್ಲೆಗಳನ್ನು ಇಡುವ ಜಾಗವೇ ಇಲ್ಲ. ಬಿಲ್ಲೆಯ ಮೈ ಸರಿಯಾಗಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ ಹೊಸ ಮಾಧ್ಯಮಕ್ಕೆ ವರ್ಗಾಯಿಸುವ ಹೊಣೆಯನ್ನು ಯಾರ ಹೆಸರಿಗೂ ಬರೆಯದ ಸಂಗ್ರಹಗಳಲ್ಲಿ, ಆ ಬಿಲ್ಲೆಗಳಿಗಿಂತ ಮೂಲ ಓಲೆಗಳೇ ಇಂದಿಗೂ ಹೆಚ್ಚು ಓದಬಲ್ಲ ಸ್ಥಿತಿಯಲ್ಲಿರುವುದು ಆಶ್ಚರ್ಯವಲ್ಲ.

ಆದುದರಿಂದ ಹಸ್ತಪ್ರತಿ ಯೋಜನೆಗಳ ಪ್ರಸ್ತಾವನೆಗಳಲ್ಲಿ ಎಷ್ಟು ಟೆರಾಬೈಟ್ ಎಂಬ ಅಂಕಿಗೆ ಇರುವ ಮಹತ್ತ್ವವನ್ನು ಇಳಿಸಬೇಕಾಗಿದೆ. ಹೊಸ ಹೊಸ ಸ್ಮೃತಿಮಾಧ್ಯಮಗಳ ಸುದ್ದಿ ಬರುತ್ತಲೇ ಇರುತ್ತದೆ. ಪ್ರತಿಯೊಂದೂ ಹಿಂದಿನದಕ್ಕಿಂತ ಸಾಂದ್ರವೆನ್ನುತ್ತದೆ. ಅದನ್ನು ಕೇಳಿ ಹಿಗ್ಗುವ ಮೊದಲು ಕೇಳಬೇಕಾದುದು ಬೇರೆ. ಚಿತ್ರಗಳ ಪ್ರತಿಗಳು ಎಷ್ಟು ಊರುಗಳಲ್ಲಿ, ಎಷ್ಟು ಸಂಸ್ಥೆಗಳಲ್ಲಿ, ಎಷ್ಟು ಬಗೆಯ ಮಾಧ್ಯಮಗಳಲ್ಲಿವೆ? ಹೊರಗಿನ ಸಂಶೋಧಕನಿಗೆ ಅವು ಸಿಗುತ್ತವೆಯೆ, ಇಲ್ಲವೆ ಮತ್ತೆ ದರ್ಶನವಷ್ಟೆಯೆ? ಚಿತ್ರ ತೆಗೆದ ಮೇಲೆ ಓಲೆಗೆ ಎಣ್ಣೆ ಹಚ್ಚುವವರು ಉಳಿದಿದ್ದಾರೆಯೆ? ಎಲ್ಲಕ್ಕಿಂತ ಮಿಗಿಲಾಗಿ, ಚಿತ್ರದಿಂದ ಲಿಪ್ಯಂತರಕ್ಕೆ ಬಂದ ಗರಿಗಳೆಷ್ಟು? ಗರಿಯ ಚಿತ್ರ ಪಠ್ಯವಲ್ಲ. ಅದರಲ್ಲಿ ಶಬ್ದ ಹುಡುಕಲಾಗದು, ಪಾಠಾಂತರ ಹೋಲಿಸಲಾಗದು. ಒತ್ತಕ್ಷರ, ಶಕಟರೇಫ, ಪದಚ್ಛೇದವಿಲ್ಲದ ಸಾಲುಗಳನ್ನು ಓದಿ ಬಿಡಿಸಬಲ್ಲವರು ಒಂದು ತಲೆಮಾರಿನ ಹಿಂದೆ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ಸಿಗುತ್ತಿದ್ದರು. ಗ್ರಂಥಸಂಪಾದನೆ ಈಗ ಅನೇಕ ಕಡೆ ಒಂದು ಐಚ್ಛಿಕ ಪತ್ರಿಕೆಯಾಗಿ ಉಳಿದಿದೆ, ಅದನ್ನೂ ಓಲೆಗರಿಯನ್ನು ಮುಟ್ಟದೆಯೇ ಮುಗಿಸಬಹುದು. ಒಂದು ಸರ್ವರ್ ಕೊಳ್ಳುವ ಹಣದಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಮೂರು ವರ್ಷ ಲಿಪಿ ಓದಿಸಬಹುದೆ ಎಂಬ ಲೆಕ್ಕವನ್ನು ಯೋಜನೆಯ ಕಡತದ ಮೊದಲ ಪುಟದಲ್ಲೇ ಹಾಕಬೇಕು.

ಸಹಸ್ರಪದಿಯ ಕಾದ ಮೊನೆಗೆ ಆಮೇಲೆ ಬೇರೆ ಉದ್ಯೋಗ ದೊರೆಯಿತು. 2010ರಲ್ಲಿ ಅದೇ ಪ್ರಯೋಗಾಲಯದವರು ಅಂಥ ಒಂದು ಮೊನೆಯಿಂದ ಪಾಲಿಮರಿನ ಮೇಲೆ 22 ಮೈಕ್ರೋಮೀಟರ್ ಉದ್ದ, 11 ಮೈಕ್ರೋಮೀಟರ್ ಅಗಲದ ಉಬ್ಬುತಗ್ಗಿನ ಭೂಪಟವನ್ನು ಎರಡೂವರೆ ನಿಮಿಷದೊಳಗೆ ಕೆತ್ತಿದರು. ಸ್ಮೃತಿಯ ಸಾಧನವಾಗಲು ಹೊರಟದ್ದು ಸೂಕ್ಷ್ಮ ಕೆತ್ತನೆಯ ಸಾಧನವಾಗಿ ಈಗ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಆ ಭೂಪಟದಲ್ಲಿ ಕುಳಿ ಒಂದು, ಸೊನ್ನೆಗಳ ಸಂಕೇತವಲ್ಲ; ತಗ್ಗು ತಗ್ಗೇ, ಉಬ್ಬು ಉಬ್ಬೇ. ತಕ್ಕ ಸೂಕ್ಷ್ಮದರ್ಶಕವೊಂದಿದ್ದರೆ ಯಾವ ಕೋಷ್ಟಕದ ನೆರವೂ ಇಲ್ಲದೆ ಅದು ಭೂಮಿಯೆಂದು ನೋಡಿದವರಿಗೆ ತಿಳಿಯುತ್ತದೆ.